ಮೊಲ ಮಾರಲಿ, ಜೊತೆಗೊಂದು ಚೀಟಿಯನ್ನೂ ಕೊಡಲಿ

ಮೈಸೂರು ಜಿಲ್ಲಾಧಿಕಾರಿಗಳಿಗೆ, ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ, ಮತ್ತು ಮಕ್ಕಳ ಹಟಕ್ಕೆ ಸೋತು ಪೆಟ್ ಶಾಪ್ ಮೆಟ್ಟಿಲು ಹತ್ತಲು ಹೊರಟಿರುವ ಊರಿನ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಪ್ರಾಣಿಗಳ ವಿಷಯ ಅಂದ ಕೂಡಲೇ ಬೀದಿ ನಾಯಿ ದೂರು ಅಂದುಕೊಂಡು ಈ ಪತ್ರವನ್ನು ಪಕ್ಕಕ್ಕೆ ಇಡಬೇಡಿ. ಇದು ಮೊಲ, ಇಲಿಯ ಬಳಗದ ಗಿನಿಪಿಗ್ ಮತ್ತು ಹ್ಯಾಮ್‌ಸ್ಟರ್, ಲವ್ ಬರ್ಡ್ಸ್, ಗಾಜಿನ ಬೋಗುಣಿಯ ಮೀನು, ಅಂಗೈ ಮೇಲೆ ಕೂರುವ ಆಮೆಮರಿ, ಇಂಥ ಸಣ್ಣಪುಟ್ಟ ಜೀವಗಳ ಬಗ್ಗೆ. ನಾಯಿ ಪರವಾಗಿ ಮಾತಾಡುವವರು ಊರಲ್ಲಿ ಇದ್ದಾರೆ, ವಿರುದ್ಧ ಮಾತಾಡುವವರೂ ಇದ್ದಾರೆ. ಇವುಗಳ ಸುದ್ದಿಗೆ ಯಾರೂ ಬರುವುದಿಲ್ಲ. ಸತ್ತರೆ ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದರೆ ಮುಗಿಯಿತು, ಮಗು ಜಾಸ್ತಿ ಅತ್ತರೆ ಮರುವಾರ ಇನ್ನೊಂದು ತಂದರಾಯಿತು.

ನಾನು ಕುವೆಂಪುನಗರದವನು. ಡಾಕ್ಟರ್ ಅಲ್ಲ, ಯಾವ ಸಂಘದವನೂ ಅಲ್ಲ. ನಮ್ಮ ಮಹಡಿ ಮೇಲೆ ಒಂದು ಸಣ್ಣ ಶೆಡ್ ಇದೆ, ಅದರಲ್ಲಿ ಗಿನಿಪಿಗ್ ಸಾಕುತ್ತೇನೆ, ಅಷ್ಟೇ. ಆದರೆ ಬೀದಿಯಲ್ಲಿ ಒಬ್ಬ ಇಂಥದ್ದನ್ನು ಸಾಕುತ್ತಾನೆ ಅಂತ ಗೊತ್ತಾದರೆ ಸಾಕು, ಬೇರೆ ಮನೆಗಳಲ್ಲಿ ಬೇಡವಾದದ್ದೆಲ್ಲ ಅವನ ಗೇಟಿಗೆ ಬಂದು ನಿಲ್ಲುತ್ತದೆ. ಶೂ ಡಬ್ಬದಲ್ಲಿ, ಟೊಮೆಟೊ ಕ್ರೇಟಿನಲ್ಲಿ, ಒಮ್ಮೆ ಪ್ರೆಶರ್ ಕುಕ್ಕರಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ. ‘ಅಂಕಲ್, ನೀವೇ ಇಟ್ಕೊಳ್ಳಿ, ಅಮ್ಮ ವಾಸನೆ ಅಂತಾರೆ.’ ತಂದವರನ್ನು ಕೂರಿಸಿ ಕೇಳಿದರೆ ಹೆಚ್ಚಿನವರದು ಒಂದೇ ಮಾತು. ಅಂಗಡಿಯವರು ಏನೂ ಹೇಳಲಿಲ್ಲ. ಸುಳ್ಳು ಹೇಳಿದರು ಅಂತ ದೂರುವವರು ಕಮ್ಮಿ, ಗಮನಿಸಿ. ಬೇಕಾದದ್ದು ಏನೂ ಹೇಳಲೇ ಇಲ್ಲ ಅಂತಲೇ ದೂರು.

ಹಾಗಾಗಿ ನನ್ನ ಬೇಡಿಕೆ ಒಂದೇ. ಜಿಲ್ಲೆಯಲ್ಲಿ ಯಾರೇ ಪ್ರಾಣಿ ಮಾರಲಿ, ಅದರ ಜೊತೆಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಚೀಟಿ ಕೊಡಬೇಕು. ಇದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ, ಏನು ಕೊಟ್ಟರೆ ಸಾಯುತ್ತದೆ, ಒಂಟಿಯಾಗಿರುತ್ತದೋ ಜೋಡಿ ಬೇಕೋ, ನಮ್ಮ ಬೇಸಿಗೆ ತಡೆಯುತ್ತದೋ ಇಲ್ಲವೋ, ಮನೆಯಲ್ಲಿಟ್ಟುಕೊಳ್ಳಲು ಕಾನೂನು ಬಿಡುತ್ತದೋ ಇಲ್ಲವೋ. ಮಂಡ್ಯದ ಯಾವ ಗೊಬ್ಬರದ ಅಂಗಡಿಗೆ ಹೋಗಿ ಕಬ್ಬಿಗೆ ಔಷಧಿ ತಗೊಂಡರೂ ಬಾಟಲಿ ಜೊತೆ ಮಡಚಿದ ಕಾಗದ ಬರುತ್ತದೆ. ಎಷ್ಟು ನೀರಿಗೆ ಎಷ್ಟು ಹಾಕಬೇಕು, ಅಪ್ಪಿತಪ್ಪಿ ಮೈಗೆ ಬಿದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ, ಕನ್ನಡದಲ್ಲೂ ಇರಲೇಬೇಕು. ಹುಳ ಸಾಯಿಸೋದಕ್ಕೆ ಕಾಗದ ಕೊಡುತ್ತಾರೆ, ಜೀವ ಸಾಕೋದಕ್ಕೆ ಕೊಡುವುದಿಲ್ಲ.

ಗಿನಿಪಿಗ್‌ನಿಂದಲೇ ಶುರು ಮಾಡುತ್ತೇನೆ, ನನಗೆ ಚೆನ್ನಾಗಿ ಗೊತ್ತಿರೋದು ಅದೇ. ನಮ್ಮ ಹಾಗೇ ಇದರ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ನಾಯಿಗೆ ಆಗುತ್ತದೆ, ಮೊಲಕ್ಕೆ ಆಗುತ್ತದೆ, ಇದಕ್ಕೆ ದಿನಾ ಊಟದಲ್ಲೇ ಸಿಗಬೇಕು. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಕಾಳು, ಬ್ರೆಡ್ ಹಾಕಿ ನೋಡಿದರು. ಹಡಗಿನ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ಕಾಯಿಲೆಯೇ ಅವಕ್ಕೂ ಬಂತು, ಸೊಪ್ಪು ಹಣ್ಣು ಕೊಟ್ಟರೆ ವಾಸಿಯಾಯಿತು. ಅಂದರೆ ಈ ಪ್ರಾಣಿ ಏನು ತಿನ್ನಬೇಕು ಅನ್ನೋದು ಲೋಕಕ್ಕೆ ಗೊತ್ತಾಗಿ ನೂರು ವರ್ಷ ದಾಟಿದೆ. ನಮ್ಮಲ್ಲಿ ಇನ್ನೂ ‘ಕ್ಯಾರೆಟ್ ಹಾಕಿ, ಚಪಾತಿ ಹಾಕಿ, ಏನು ಹಾಕಿದ್ರೂ ತಿನ್ನುತ್ತೆ’ ಅಂತಲೇ ಕಳಿಸುತ್ತಾರೆ.

ಏನು ಹಾಕಿದರೂ ತಿನ್ನುವ ಅಂಥ ಒಂದು ಗಿನಿಪಿಗ್ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂತು. ಕಂದು ಬಿಳಿ ಮೈ, ಒಳ್ಳೆ ಮುದ್ದಾಗಿತ್ತು. ಮೂಲೆಯಲ್ಲಿ ಕೂತಲ್ಲೇ ಕೂತಿತ್ತು, ಹೊಸ ಜಾಗ, ಹೆದರಿರಬೇಕು ಅಂದುಕೊಂಡೆ. ಎತ್ತಿಕೊಳ್ಳಲು ಹೋದರೆ ಜೀವ ಹೋದ ಹಾಗೆ ಕಿರುಚಿತು. ಹಿಂಗಾಲಿನ ಕೀಲುಗಳು ಊದಿಕೊಂಡಿದ್ದವು. ಕೂದಲು ಒರಟಾಗಿ ನಿಂತಿತ್ತು. ಮೂಗಿನ ಮುಂದೆ ಕೊತ್ತಂಬರಿ ಸೊಪ್ಪು ಹಿಡಿದರೆ ಬಾಯಿ ತೆಗೆಯುತ್ತದೆ, ಎಲೆ ಕಚ್ಚುತ್ತದೆ, ಅಗಿಯಲು ಆಗದೆ ಬಿಟ್ಟುಬಿಡುತ್ತದೆ, ಮತ್ತೆ ಮೂಸುತ್ತದೆ. ಹಸಿವಿಲ್ಲದೆ ಅಲ್ಲ, ಒಸಡು ಅಷ್ಟು ನೋಯುತ್ತಿತ್ತು. ಡಾಕ್ಟರು ಕೊಟ್ಟ ವಿಟಮಿನ್ ಡ್ರಾಪ್ಸನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ತೊಟ್ಟು ತೊಟ್ಟಾಗಿ ಹಾಕಿ, ಸೊಪ್ಪನ್ನು ಅರೆದು ತಿನ್ನಿಸಿ, ಅಂತೂ ಬದುಕಿತು. ಒಂದು ಕಾಲು ಇವತ್ತಿಗೂ ಸ್ವಲ್ಪ ಎಳೆಯುತ್ತದೆ. ಇಷ್ಟೆಲ್ಲ ಆಗಿದ್ದು ಯಾವುದೋ ದೊಡ್ಡ ರೋಗದಿಂದ ಅಲ್ಲ ಸ್ವಾಮಿ. ದಿನಕ್ಕೆ ಒಂದು ತುಂಡು ದಪ್ಪ ಮೆಣಸಿನಕಾಯಿ (ಕ್ಯಾಪ್ಸಿಕಂ), ಒಂದು ಸಣ್ಣ ಹಿಡಿ ಕೊತ್ತಂಬರಿ ಸಿಕ್ಕಿದ್ದರೆ ಏನೂ ಆಗುತ್ತಿರಲಿಲ್ಲ. ತಂದುಬಿಟ್ಟ ಮನೆಯವರು ಬಡವರೂ ಅಲ್ಲ, ಕಟುಕರೂ ಅಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಉಳಿದ ಹೊಟ್ಟೆಗೆ ಹುಲ್ಲು. ಗಿನಿಪಿಗ್ ಆಗಲಿ ಮೊಲ ಆಗಲಿ, ಊಟದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಹುಲ್ಲೇ ಇರಬೇಕು, ಯಾಕೆಂದರೆ ಎರಡಕ್ಕೂ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅರೆದು ಅರೆದೇ ಅದು ಸವೆಯಬೇಕು. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಪೆಲೆಟ್ (ಒಣ ಗುಳಿಗೆ ಆಹಾರ) ಪ್ಯಾಕೆಟ್ಟಿಗೆ ಸುಮ್ನೆ ದುಡ್ಡು ಸುರಿಯಬೇಡಿ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರ ಹತ್ತಿರ ಗಣಪತಿ ಪೂಜೆಗೆ ಅಂತ ಗರಿಕೆ ಕಟ್ಟಿಟ್ಟಿರುತ್ತಾರಲ್ಲ, ಅದನ್ನು ಚೆನ್ನಾಗಿ ತೊಳೆದು ಹಾಕಿದರೆ ಎರಡೂ ಬಾಯಿ ಚಪ್ಪರಿಸಿಕೊಂಡು ತಿನ್ನುತ್ತವೆ. ಕ್ಯಾರೆಟ್ ಅವಕ್ಕೆ ಮಿಠಾಯಿ ಇದ್ದ ಹಾಗೆ, ಅಪರೂಪಕ್ಕೆ ಒಂದು ತುಂಡು ಸಾಕು.

ಮೊಲದ ಬಗ್ಗೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರಬೇಕಾದದ್ದು ಎರಡು. ಒಂದು, ಚೆನ್ನಾಗಿ ಸಾಕಿದರೆ 8ರಿಂದ 12 ವರ್ಷ ಬದುಕುತ್ತದೆ. ಐದನೇ ಕ್ಲಾಸಿನ ಹುಡುಗಿಗೆ ಹುಟ್ಟುಹಬ್ಬಕ್ಕೆ ಕೊಡಿಸಿದ ಮೊಲ ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಎಲ್ಲ ನೋಡುತ್ತದೆ. ಅವಳು ಹಾಸ್ಟೆಲಿಗೆ ಹೋದ ಮೇಲೆ ಹುಲ್ಲು ಹಾಕುವವರು ಯಾರು? ಅಮ್ಮನೇ ಅಲ್ವಾ? ಹಾಗಿದ್ದರೆ ಕೊಳ್ಳುವ ಮುಂಚೆ ಅಮ್ಮನನ್ನೇ ಕೇಳಿ. ಎರಡು, ಬಿಸಿಲು. ಮೈಸೂರು ತಂಪು ಅಂತ ನಾವೇ ಹೇಳಿಕೊಂಡು ಓಡಾಡುತ್ತೇವೆ, ಏಪ್ರಿಲ್ ಮಧ್ಯಾಹ್ನ ಒಂದು ಶೀಟಿನ ಕೆಳಗೆ ಕೂತು ನೋಡಿ. 30 ಡಿಗ್ರಿ ದಾಟಿದರೆ ಮೊಲಕ್ಕೆ ಜೀವಕ್ಕೇ ಅಪಾಯ. ಅದು ನಮ್ಮ ಹಾಗೆ ಬೆವರುವುದಿಲ್ಲ, ಒಳಗಿನ ಕಾವನ್ನು ಹೊರಹಾಕಲು ಅದಕ್ಕೆ ಮುಖ್ಯವಾಗಿ ಇರೋದು ಆ ಉದ್ದ ಕಿವಿ. ಗೂಡನ್ನು ಬಾಲ್ಕನಿಯಿಂದ ಒಳಗೆ ತನ್ನಿ, ತಣ್ಣನೆ ನೆಲದ ಮೇಲೆ ಬಿಡಿ, ಬಾಟಲಿಯಲ್ಲಿ ನೀರನ್ನು ಐಸ್ ಮಾಡಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮತ್ತೆ, ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ‘ನಾಳೆ ನೋಡೋಣ’ ಅನ್ನಬೇಡಿ. ಕರುಳು ನಿಂತುಹೋಗುತ್ತಿದೆ ಅಂತ ಅರ್ಥ, ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

‘ಎರಡೂ ಹೆಣ್ಣೇ ಸಾರ್’ ಅನ್ನೋ ಮಾತನ್ನು ನಂಬಲೇಬೇಡಿ. ಮೊಲಕ್ಕೆ ಗರ್ಭ ಸುಮಾರು ಒಂದು ತಿಂಗಳು, ಗಿನಿಪಿಗ್‌ಗೆ ಎರಡು ತಿಂಗಳು ಮೇಲೆ ಸ್ವಲ್ಪ, ಎರಡೂ ಮರಿ ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಬಲ್ಲವು. ನಮ್ಮ ಗೇಟಿಗೆ ಬರುವ ಕ್ರೇಟುಗಳ ಮೂಲ ಹೆಚ್ಚಾಗಿ ಇದೇ.

ಹ್ಯಾಮ್‌ಸ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಒಂದು ಬಿಲದಿಂದ ಅಗೆದು ತೆಗೆದ ಮರಿಗಳಿಂದಲೇ ಇವತ್ತಿನ ಸಾಕು ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಮ್ಮಿ ಎಲ್ಲ ಬಂದಿವೆ. ಆ ಮರುಭೂಮಿ ಅಂಚಿನಲ್ಲಿ ಅದು ಒಂಟಿಯಾಗಿ ಬದುಕುವ ಪ್ರಾಣಿ. ಜೋಡಿ ಚೆನ್ನಾಗಿರುತ್ತೆ ಅಂತ ಎರಡನ್ನು ಒಂದೇ ಪಂಜರಕ್ಕೆ ಹಾಕಿದರೆ ಒಂದು ದಿನ ಬೆಳಿಗ್ಗೆ ಒಂದೇ ಉಳಿದಿರುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಚಕ್ರ ತಿರುಗಿಸೋದು. ಬೆಳಿಗ್ಗೆ ಏಳಕ್ಕೆ ಸ್ಕೂಲ್ ವ್ಯಾನ್ ಹತ್ತುವ ಮಗುವಿಗೆ ಇದು ಯಾವ ಲೆಕ್ಕದ ಜೊತೆ ಅಂತ ನನಗಂತೂ ಅರ್ಥವಾಗಿಲ್ಲ.

ಲವ್ ಬರ್ಡ್ಸ್ ಅಂತ ಪಂಜರದಲ್ಲಿ ನೇತುಹಾಕಿರುವ ಹಸಿರು, ನೀಲಿ ಹಕ್ಕಿಗಳಿಗೆ ಬರೋಣ. ಆಸ್ಟ್ರೇಲಿಯಾದ ಬಡ್ಜಿಗಳು ಇವು. ಗಟ್ಟಿ ಹಕ್ಕಿ, ಮೊದಲ ಸಲ ಸಾಕುವವರಿಗೆ ಪರವಾಗಿಲ್ಲ ಅಂತಲೇ ಹೇಳುತ್ತೇನೆ, ಆದರೆ ಬರೀ ನವಣೆ ಹಾಕಿ ಬದುಕಿಸಲು ಆಗದು, ಸೊಪ್ಪು ತರಕಾರಿ ಬೇಕು. ಅದಕ್ಕಿಂತ ಮುಖ್ಯವಾದದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ನಾನ್‌ಸ್ಟಿಕ್ ದೋಸೆ ಕಾವಲಿ ಖಾಲಿ ಇದ್ದಾಗ ಅತಿಯಾಗಿ ಕಾದರೆ ಅದರ ಲೇಪದಿಂದ ಒಂದು ಹೊಗೆ ಬರುತ್ತದೆ, ನಮಗೆ ವಾಸನೆಯೂ ಸರಿಯಾಗಿ ಗೊತ್ತಾಗದು. ಹಕ್ಕಿಗಳ ಶ್ವಾಸಕೋಶ ಅದನ್ನು ತಡೆಯುವುದಿಲ್ಲ, ನೋಡನೋಡುತ್ತಲೇ ಸಾಯುತ್ತವೆ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುವ ಹೊತ್ತಿಗೆ ಎರಡೂ ಹಕ್ಕಿ ಬಿದ್ದವು, ದೃಷ್ಟಿ ತಾಗಿತು ಅಂದವರನ್ನು ನಾನು ಕಂಡಿದ್ದೇನೆ. ದೃಷ್ಟಿಯಲ್ಲ, ಕಾವಲಿ. ಹಕ್ಕಿ ಇರುವ ಮನೆಯಲ್ಲಿ ಕಬ್ಬಿಣದ ಕಾವಲಿ ಇಡಿ, ದೋಸೆಯೂ ಚೆನ್ನಾಗಿ ಬರುತ್ತದೆ.

ಆಮೆಮರಿಗಳನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಪ್ಲಾಸ್ಟಿಕ್ ಡಬ್ಬ, ಮಧ್ಯದಲ್ಲಿ ಪ್ಲಾಸ್ಟಿಕ್ ತೆಂಗಿನ ಮರ, ಅದರ ಕೆಳಗೆ ಕಣ್ಣಿನ ಹಿಂದೆ ಕೆಂಪು ಗೆರೆ ಇರುವ ಪುಟಾಣಿ ಆಮೆ. ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್ ಅದು. ‘ಇಷ್ಟೇ ಇರುತ್ತೆ ಮೇಡಂ, ಬೆಳೆಯಲ್ಲ’ ಅಂತ ಮಾರುತ್ತಾರೆ. ಹೆಣ್ಣಾದರೆ 10ರಿಂದ 12 ಇಂಚು ಉದ್ದ ಬೆಳೆಯುತ್ತದೆ, 20-30 ವರ್ಷ ಬದುಕುತ್ತದೆ. ಬೆಳೆಯದೆ ಇದ್ದರೆ ಅದು ಸಾಯುತ್ತಿದೆ ಅಂತಲೇ ಅರ್ಥ. ಬಿಸಿಲು ಬೀಳದ ಹಾಲಿನ ಮೂಲೆಯಲ್ಲಿಟ್ಟು ಬರೀ ಒಣ ಕಡ್ಡಿ ಆಹಾರ ಹಾಕಿದ ಒಂದು ಆಮೆಯ ಚಿಪ್ಪನ್ನು ನಾನು ಬೆರಳಿನಿಂದ ಒತ್ತಿ ನೋಡಿದ್ದೇನೆ, ಒಳಕ್ಕೆ ತಗ್ಗುತ್ತಿತ್ತು. ನೇರ ಬಿಸಿಲು ಇಲ್ಲವೇ ಅದಕ್ಕೆಂದೇ ಬರುವ ಯುವಿ ಲೈಟು ಇಲ್ಲದಿದ್ದರೆ ಸುಣ್ಣದ ಅಂಶ ಮೈಗೆ ಹತ್ತುವುದೇ ಇಲ್ಲ. ಇನ್ನೊಂದು, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರುತ್ತದೆ, ಚಿಕ್ಕ ಮಕ್ಕಳು ಮುಟ್ಟಿ ಬಾಯಿಗೆ ಕೈ ಹಾಕಿದರೆ ವಾಂತಿ ಭೇದಿ. ಅದೇ ಕಾರಣಕ್ಕೆ 4 ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು ಅಮೆರಿಕದಲ್ಲೇ 1975ರಲ್ಲಿ ನಿಲ್ಲಿಸಿದರು. ಅವರು ಬೇಡ ಅಂದದ್ದು ನಮ್ಮ ಮಕ್ಕಳ ರಿಟರ್ನ್ ಗಿಫ್ಟ್.

ದೊಡ್ಡದಾದ ಮೇಲೆ ಏನಾಗುತ್ತದೆ? ‘ಪಾಪ, ಕೆರೆಗೆ ಬಿಟ್ಟುಬಿಡೋಣ.’ ಕೈ ಮುಗಿಯುತ್ತೇನೆ, ಕುಕ್ಕರಹಳ್ಳಿಗೆ, ಕಾರಂಜಿಗೆ, ಲಿಂಗಾಂಬುಧಿಗೆ, ಯಾವ ಕೆರೆಗೂ ಬಿಡಬೇಡಿ. ಈ ಆಮೆ ಹೋದ ಎಷ್ಟೋ ದೇಶಗಳಲ್ಲಿ ಅಲ್ಲಿನ ಆಮೆಗಳ ಜಾಗ, ಊಟ ಕಿತ್ತುಕೊಂಡಿದೆ. ಟ್ಯಾಂಕ್ ಕ್ಲೀನರ್ ಅಂತ ಕೊಳ್ಳುವ ಮೀನಿನದೂ ಅದೇ ಕಥೆ, ದಕ್ಷಿಣ ಅಮೆರಿಕದ್ದು, ನಮ್ಮ ದೇಶದ ಕೆರೆ ಹೊಳೆಗಳಲ್ಲಿ ಆಗಲೇ ಬೇರೂರಿದೆ. ನಮ್ಮ ಕಾವೇರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಜಾತಿಯ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆ, ಅದಕ್ಕೆ ಇರುವ ಕಷ್ಟ ಸಾಲದಾ?

ಈಗ ಕಾನೂನು. ಜಿಲ್ಲಾಧಿಕಾರಿಗಳೇ, ಇಲ್ಲಿ ನಿಮ್ಮ ಕೆಲಸ ಶುರು.

ಹಸಿರು ಗಿಳಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಆದರೂ ಅಜ್ಜಿ ಕಾಲದಿಂದ ನಮ್ಮನೆಯಲ್ಲಿ ಗಿಳಿ ಇದೆ ಅನ್ನುವವರು ಬೀದಿಗೊಬ್ಬರು ಸಿಗುತ್ತಾರೆ, ಅವರಿಗೆ ಅದು ತಪ್ಪು ಅನ್ನುವುದೇ ಗೊತ್ತಿಲ್ಲ. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ ಅಂತ ನಂಬಿ ಇಟ್ಟುಕೊಂಡವರಿದ್ದಾರೆ. 2022ರ ತಿದ್ದುಪಡಿ ಆದ ಮೇಲೆ ಅದು ಮೊದಲನೇ ಪಟ್ಟಿಯಲ್ಲಿದೆ, ಹುಲಿ ಆನೆ ಇರುವ ಪಟ್ಟಿ. ಸಿಕ್ಕಿಬಿದ್ದರೆ ಮೂರು ವರ್ಷಕ್ಕೆ ಕಮ್ಮಿ ಇಲ್ಲದ ಜೈಲು. ಮಣ್ಣುಮುಕ್ಕ ಹಾವು, ಕಾಡುಪಾಪ, ಎಲ್ಲದರ ಹಿಂದೆಯೂ ಇಂಥದೇ ಮೂಢನಂಬಿಕೆ, ಇಂಥದೇ ಗುಟ್ಟಿನ ವ್ಯಾಪಾರ. ಇನ್ನು ಹಣವಂತರ ಮನೆಯ ಮಕಾವ್, ಆಫ್ರಿಕನ್ ಗ್ರೇ ಗಿಳಿ, ದೊಡ್ಡ ಹಲ್ಲಿಯಂಥ ಇಗುವಾನ, ಬಾಲ್ ಪೈಥಾನ್ ಅನ್ನುವ ಹೆಬ್ಬಾವು. ಇವನ್ನು ಸಾಕಬಹುದು, ಆದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಸಲೇಬೇಕು, ಮರಿ ಆದರೂ ಸತ್ತರೂ ಯಾರಿಗಾದರೂ ಕೊಟ್ಟರೂ ತಿಳಿಸಬೇಕು. ಲಕ್ಷಗಟ್ಟಲೆ ಕೊಟ್ಟು ಹಕ್ಕಿ ಕೊಂಡವರಿಗೂ ಇದು ಗೊತ್ತಿರುವುದಿಲ್ಲ, ನಾನು ಕೇಳಿ ನೋಡಿದ್ದೇನೆ. ಬಡ್ಜಿ, ಕಾಕಟೀಲ್ ಸಾಕುವವರು ಗಾಬರಿ ಆಗಬೇಡಿ, ಅವಕ್ಕೆ ಈ ನೋಂದಣಿ ಬೇಕಿಲ್ಲ.

ಅಂಗಡಿಗಳಿಗೂ ನಿಯಮ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಪೆಟ್ ಶಾಪ್ ನಿಯಮ ತಂದಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಅಂಗಡಿ ನಡೆಸುವಂತಿಲ್ಲ, ಪಂಜರ ಎಷ್ಟು ದೊಡ್ಡದಿರಬೇಕು ಅಂತ ಅಳತೆ ಇದೆ, ತಂದ ಮಾರಿದ ಸತ್ತ ಪ್ರಾಣಿಗಳ ಲೆಕ್ಕ ಬರೆದಿಡಬೇಕು. ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅಂದರೆ ಹೊಸ ಕಾನೂನು ಬೇಕಿಲ್ಲ, ವಿಧಾನಸಭೆ ಸೇರಬೇಕಿಲ್ಲ. ಒಂದು ಸುತ್ತೋಲೆ, ಒಂದಿಷ್ಟು ತಪಾಸಣೆ. ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯಿರಿ ಅಂತ ನಾನು ಕೇಳುತ್ತಿಲ್ಲ. ಅವರಲ್ಲಿ ಪ್ರಾಣಿಗಳ ಮೇಲೆ ಪ್ರೀತಿ ಇರುವವರೂ ಇದ್ದಾರೆ, ಹುಡುಗನಿಗೆ ಮೊಲ ಬೇಡ ಮೀನು ತಗೋ ಅಂತ ಬುದ್ಧಿ ಹೇಳಿ ಕಳಿಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಚೀಟಿ ಬಂದರೆ ಅಂಥವರಿಗೇ ಲಾಭ.

ಪಶುಪಾಲನಾ ಇಲಾಖೆಗೆ ಇನ್ನೊಂದು ಮಾತು. ನಮ್ಮ ಸರ್ಕಾರಿ ಪಶುವೈದ್ಯರನ್ನು ನಾನು ದೂರುವುದಿಲ್ಲ. ಹಸು, ಎಮ್ಮೆ, ಬನ್ನೂರು ಕುರಿ ನೋಡುವುದರಲ್ಲೇ ಅವರ ದಿನ ಮುಗಿಯುತ್ತದೆ, ನೂರು ಗ್ರಾಂ ತೂಗದ ಪ್ರಾಣಿಗೆ ಇಂಜೆಕ್ಷನ್ ಕೊಡುವ ಅಭ್ಯಾಸ ಎಲ್ಲಿಂದ ಬರಬೇಕು? ಆದರೆ ಜನ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ, ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನೇ ಎರಡು ತೊಟ್ಟು ಹಾಕುತ್ತಾರೆ. ಬಾಯಿಗೆ ಹಾಕಿದ ಆ ಔಷಧಿ ಗಿನಿಪಿಗ್, ಮೊಲ, ಹ್ಯಾಮ್‌ಸ್ಟರ್‌ಗಳ ಹೊಟ್ಟೆಯಲ್ಲಿ ಹುಲ್ಲು ಜೀರ್ಣ ಮಾಡುವ ಒಳ್ಳೆ ಬ್ಯಾಕ್ಟೀರಿಯಾಗಳನ್ನೇ ಕೊಂದುಹಾಕುತ್ತದೆ. ಶೀತಕ್ಕೆ ಕೊಟ್ಟದ್ದು, ಭೇದಿಯಾಗಿ ಸಾಯುತ್ತದೆ. ನಾಯಿಯ ಚಿಗಟಕ್ಕೆ ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಇದಕ್ಕೆಲ್ಲ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ತನಕ ಹೋಗುವವರು ಎಷ್ಟು ಜನ? ಜಿಲ್ಲೆಯಲ್ಲಿ ಒಬ್ಬಿಬ್ಬರು ವೈದ್ಯರಿಗಾದರೂ ಸಣ್ಣ ಪ್ರಾಣಿಗಳ ತರಬೇತಿ ಕೊಡಿಸಿ, ವಾರಕ್ಕೆ ಒಂದು ಮಧ್ಯಾಹ್ನ ಅವಕ್ಕೆಂದೇ ಇಡಿ, ಆ ವೇಳೆಯನ್ನೂ ಚೀಟಿಯಲ್ಲಿ ಹಾಕಿ.

ಅಪ್ಪ ಅಮ್ಮಂದಿರೇ, ಹಾಗಾದರೆ ಏನು ಸಾಕಬೇಕು ಅಂತ ಕೇಳುತ್ತೀರಿ. ಮಗು ಚಿಕ್ಕದಿದ್ದರೆ ಗಪ್ಪಿ ಮೀನು. ಬೋಗುಣಿಯಲ್ಲಿ ಅಲ್ಲ, ಸ್ವಲ್ಪ ದೊಡ್ಡ ತೊಟ್ಟಿಯಲ್ಲಿ. ನಲ್ಲಿ ನೀರು ಹಿಡಿದ ತಕ್ಷಣ ಸುರಿಯಬೇಡಿ, ಕ್ಲೋರಿನ್ ಹೋಗಲು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಹಾಕಿ. ಒಮ್ಮೆಗೇ ಎಲ್ಲ ನೀರು ಬದಲಿಸಿ ತೊಟ್ಟಿಯನ್ನು ತಿಕ್ಕಿ ತೊಳೆದರೆ ಮೀನಿನ ಗಲೀಜು ಕರಗಿಸುವ ಬ್ಯಾಕ್ಟೀರಿಯಾಗಳೂ ಹೋಗುತ್ತವೆ, ಸ್ವಚ್ಛ ಮಾಡಿದ ಮರುದಿನವೇ ಮೀನು ತೇಲುವುದು ಇದರಿಂದಲೇ. ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರೆ, ತಂಪು ಜಾಗ ಇದೆ, ಸೊಪ್ಪಿಗೆ ದಿನಾ ಮಾರ್ಕೆಟ್ಟಿಗೆ ಹೋಗುತ್ತೀರಿ ಅಂದರೆ ಗಿನಿಪಿಗ್ ತನ್ನಿ, ಎರಡು ತನ್ನಿ, ಅವು ಒಂಟಿಯಾಗಿ ಕೊರಗುತ್ತವೆ. ಶಿಳ್ಳೆ ಹಾಕಿ ಕರೆಯುವುದು ನೋಡಿದರೆ ಮನೆಯವರೆಲ್ಲ ಸೋತುಹೋಗುತ್ತೀರಿ. ಯಾರೂ ಸಾಕದ ವಿಚಿತ್ರ ಪ್ರಾಣಿಯೇ ಬೇಕು, ಸ್ಟೇಟಸ್‌ಗೆ ಹಾಕಬೇಕು ಅನ್ನುವವರಿಗೆ ನಮ್ಮೂರಲ್ಲೇ ದಾರಿ ಇದೆ. 1892ರಿಂದ ಇರುವ ಮೃಗಾಲಯದಲ್ಲಿ ಹಣ ಕಟ್ಟಿ ಪ್ರಾಣಿ ದತ್ತು ತೆಗೆದುಕೊಳ್ಳಬಹುದು. ಹೆಬ್ಬಾವನ್ನೇ ತಗೊಳ್ಳಿ. ಊಟ ಅವರು ಹಾಕುತ್ತಾರೆ, ಗೂಡು ಅವರು ತೊಳೆಯುತ್ತಾರೆ.

ಕೊನೆಗೆ, ಚೀಟಿಯ ವಿಷಯ. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್, ಬಡ್ಜಿ, ಆಮೆ, ಮೀನು, ಇಷ್ಟಕ್ಕೆ ಕರಡು ಬರೆದಿಟ್ಟಿದ್ದೇನೆ. ನಿಮ್ಮ ವೈದ್ಯರು ಓದಿ, ತಪ್ಪಿದ್ದಲ್ಲಿ ಕೆಂಪು ಗೀಟು ಹಾಕಿ ಕೊಡಲಿ. ರೈತ ದಸರಾದಲ್ಲಿ ಸಾಕುಪ್ರಾಣಿ ಪ್ರದರ್ಶನ ಮಾಡುತ್ತೀರಲ್ಲ, ಅಲ್ಲಿ ದೊಡ್ಡ ತಳಿಯ ನಾಯಿಗಳ ಮುಂದೆ ಜನ ಸೇರುವ ಜಾಗದಲ್ಲೇ ಒಂದು ಮೇಜು ಕೊಡಿ, ಮೊದಲ ಕಂತು ಅಲ್ಲೇ ಹಂಚೋಣ. ಅಚ್ಚಿನ ಖರ್ಚು ಯಾರದು ಅಂತ ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಒಂದು ಎ4 ಹಾಳೆಯಲ್ಲಿ ನಾಲ್ಕು ಚೀಟಿ ಬರುತ್ತದೆ. ಮೊಲದ ಬೆಲೆಗೆ ಒಂದು ರೂಪಾಯಿ ಸೇರಿಸಿಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಕುವೆಂಪುನಗರದ ಗಿನಿಪಿಗ್ ಅಂಕಲ್